ಕಿಲಾರಿ ತಾತನ ಹೇಳಿಕೆ

ಮೊನ್ನೆ ಚಳ್ಳಕೆರೆಯ ಎಣ್ಣೆ ಮಿಲ್ಲೊಂದರಿಂದ ನನ್ನ ಗೂಡ್ಸ್ ಆಟೋದಲ್ಲಿ ಕಡಲೆಕಾಯಿ ಹಿಂಡಿ ಹೇರಿಕೊಂಡು ಹೊರಟಿದ್ದೆ. ಟಾರ್ಪಾಲು ಹರಿದು ತಿಂಗಳಾಗಿತ್ತು. ನಾಳೆ ಹೊಲಿಸಿದರಾಯಿತು, ನಮ್ಮ ಕಡೆ ಮಳೆ ಎಲ್ಲಿ ಸುರಿದು ಹೋಗುತ್ತದೆ ಎಂದು ದಿನ ದೂಡುತ್ತಿದ್ದೆ. ನಾನು ಇಂಥ ಮನುಷ್ಯ ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅವತ್ತು ಮಳೆ ಬಂತು. ಇಳಿಸುವ ಹೊತ್ತಿಗೆ ಎರಡು ಮೂಟೆ ನೆನೆದಿದ್ದವು. ಟಾರ್ಪಾಲು ಎತ್ತಿದ ಕೂಡಲೇ ನೆನೆದ ಹಿಂಡಿಯ ವಾಸನೆ ಮುಖಕ್ಕೆ ಹೊಡೆಯಿತು. ಹಗ್ಗ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ಅಂಗಡಿಯವನು ‘ಏನಣ್ಣಾ, ಇಳಿಸ್ತೀಯೋ ಇಲ್ಲೋ?’ ಎಂದು ಎರಡು ಸಲ ಕೇಳಿದನಂತೆ. ನನಗೆ ಕೇಳಿಸಲಿಲ್ಲ.

ಅದು ತಾತನ ಮೈಯ ವಾಸನೆ...

ತಾತ ಎಂದರೆ ನನ್ನ ಸ್ವಂತ ತಾತನಲ್ಲ. ದೇವರ ಎತ್ತುಗಳ ಕಿಲಾರಿ. ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ದೇವರಿಗೆ ಬಿಟ್ಟ ಎತ್ತುಗಳಿವೆ. ಅವಕ್ಕೆ ನೊಗ ಹೂಡುವುದಿಲ್ಲ, ಅವನ್ನು ಮಾರುವುದಿಲ್ಲ, ಬಾರುಕೋಲಿನಿಂದ ಮುಟ್ಟುವುದೂ ಇಲ್ಲ. ಅವುಗಳ ಹಿಂದೆ ಬಿಸಿಲು, ಚಳಿ ಎನ್ನದೆ ತಿರುಗುವವನೇ ಕಿಲಾರಿ. ಕಾಲಿಗೆ ಚಪ್ಪಲಿ ಇಲ್ಲ, ಹೆಗಲ ಮೇಲೆ ಒಂದು ಕಂಬಳಿ, ಸೊಂಟದಲ್ಲಿ ಕಲ್ಲು ಬೀಸುವ ಕವಣೆ. ತಾತ ಅವುಗಳನ್ನು ಎತ್ತು ಎಂದು ಕರೆದದ್ದನ್ನೇ ನಾನು ಕೇಳಿಲ್ಲ, ‘ದೇವ್ರು’ ಎನ್ನುತ್ತಿದ್ದ. ‘ಎಲ್ಡು ದೇವ್ರು ಆ ಕಡೆ ಹೋಗ್ಯಾವೆ, ತಡಿ ಬರ್ತೀನಿ’ ಎಂದು ಹೇಳಿ ಓಡುತ್ತಿದ್ದ. ಆ ಹಿಂಡಿನಲ್ಲಿ ಹಲ್ಲು ಬಿದ್ದ ಮುದಿ ಎತ್ತೊಂದಿತ್ತು. ಹುಲ್ಲು ಅಗಿಯಲಾರದ ಅದಕ್ಕೆ ತಾತ ಹಿಂಡಿ ನೆನೆಸಿ, ಕಲಸಿ, ಉಂಡೆ ಮಾಡಿ ಅಂಗೈಯಲ್ಲಿ ತಿನ್ನಿಸುತ್ತಿದ್ದ. ಹಾಗಾಗಿ ಅವನ ಕೈ, ಪಂಚೆ, ಕಂಬಳಿ ಎಲ್ಲವೂ ಹಿಂಡಿ ನಾತ.

ಆಗ ನಾನು ಆ ಎತ್ತುಗಳು ಮೇಯುವ ಉಳ್ಳಾರ್ತಿ ಕಾವಲಿನ ಅಂಚಿನಲ್ಲಿ ಒಂದು ಖಾಸಗಿ ಕಂಪನಿಯ ಜೀಪು ಓಡಿಸುತ್ತಿದ್ದೆ. ಸಣ್ಣ ವಿಮಾನದ ಹೊಟ್ಟೆಗೆ ಕ್ಯಾಮೆರಾ ಕಟ್ಟಿ ಮೇಲಿಂದ ನೆಲದ ಫೋಟೋ ತೆಗೆದು ನಕ್ಷೆ ಮಾಡುವ ಕಂಪನಿ ಅದು. ಸಮನಾದ ನೆಲ ನೋಡಿ ಉದ್ದಕ್ಕೆ ಒಂದು ಮಣ್ಣಿನ ಪಟ್ಟಿ ಹಾಕಿದ್ದರು. ಒಂದು ತುದಿಗೆ ತಗಡಿನ ಶೆಡ್ಡು, ಇನ್ನೊಂದು ತುದಿಗೆ ತಂತಿ ಬೇಲಿ, ಬೇಲಿಯಾಚೆ ಕಾವಲಿನ ಹುಲ್ಲು. ವಿಮಾನ ಹೊರಡುವ ಮುಂಚೆ ನಾನು ಜೀಪಿನಲ್ಲಿ ಪಟ್ಟಿಯ ಈ ತುದಿಯಿಂದ ಆ ತುದಿವರೆಗೆ ಹೋಗಿ ದನ, ಕುರಿ, ಹಕ್ಕಿ ಏನಾದರೂ ಇದ್ದರೆ ಓಡಿಸಬೇಕು. ಬೇಲಿಯ ಹತ್ತಿರ ನಿಂತು ಮೂರು ಸಲ ಉದ್ದಕ್ಕೆ ಹಾರನ್ ಹೊಡೆಯಬೇಕು. ಅದನ್ನು ಕೇಳಿದ ತಾತ ತನ್ನ ದೇವರುಗಳನ್ನು ದೂರ ಅಟ್ಟಿ ಕಂಬಳಿ ಎತ್ತಿ ಬೀಸುತ್ತಿದ್ದ. ಆಮೇಲೆ ನಾನು ವಾಪಸ್ ಬಂದು ಹಸಿರು ಬಾವುಟ ತೋರಿಸಿದರೆ ವಿಮಾನ ಹೊರಡುತ್ತಿತ್ತು. ನನ್ನ ಕೆಲಸ ಇಷ್ಟೇ. ಇಷ್ಟಕ್ಕೇ ತಿಂಗಳ ಸಂಬಳ ಕೊಡುತ್ತಾರಲ್ಲ ಎಂದು ನನಗೇ ನಗು ಬರುತ್ತಿತ್ತು.

ತಾತ ವಿಮಾನವನ್ನು ‘ನಿಮ್ ತಗಡು’ ಎನ್ನುತ್ತಿದ್ದ. ಎರಡು ದಿನ ಅದು ಶೆಡ್ಡಿನಲ್ಲೇ ಇದ್ದರೆ ಬೇಲಿಯಾಚೆಯಿಂದ ಕೂಗುತ್ತಿದ್ದ.

‘ಏನ್ ನಾಯ್ನಾ, ನಿಮ್ ತಗಡು ಇವತ್ತೂ ಮೇಯಾಕೆ ಹೋಗಲ್ವಾ? ಮೈಗೆ ಸರಿಯಿಲ್ವಾ ಅದಕ್ಕೆ?’

ಅವನದು ಮೊಳಕಾಲ್ಮೂರಿನಾಚೆಯ, ಆಂಧ್ರದ ಗಡಿಯ ಹಟ್ಟಿ. ಕನ್ನಡದ ಮಧ್ಯೆ ತೆಲುಗು ಬೆರೆಸಿ ಮಾತಾಡುತ್ತಿದ್ದ. ನಾಯ್ನಾ ಎಂದರೆ ಅಪ್ಪಾ ಎಂದ ಹಾಗೆ. ಹೆತ್ತ ತಂದೆಯೇ ನನ್ನನ್ನು ‘ಲೇ’ ಬಿಟ್ಟು ಕರೆದವನಲ್ಲ. ಅದಕ್ಕೋ ಏನೋ ಆ ಮಾತು ಕೇಳಿದಾಗಲೆಲ್ಲ ನನಗೆ ಹಿತವಾಗುತ್ತಿತ್ತು.

ವಿಮಾನ ಓಡಿಸುವವರು ಉತ್ತರದ ಕಡೆಯವರು. ನಾವು ಕ್ಯಾಪ್ಟನ್ ಎಂದು ಕರೆಯುತ್ತಿದ್ದೆವು. ಮೂವತ್ತರ ಆಸುಪಾಸಿನ ವಯಸ್ಸು. ಬಹಳ ಹುಷಾರಿನ ಮನುಷ್ಯ, ಚಕ್ರದ ಗಾಳಿಯನ್ನೂ ತಾವೇ ಬಗ್ಗಿ ನೋಡದೆ ಹತ್ತುತ್ತಿರಲಿಲ್ಲ. ಅವರಿಗೆ ಬರುತ್ತಿದ್ದ ಕನ್ನಡ ‘ತಾತ’ ಎಂಬ ಒಂದೇ ಪದ. ಬಿಡುವಿದ್ದಾಗ ಬೇಲಿ ದಾಟಿ ಹೋಗಿ ಹುಲ್ಲಿನ ಮೇಲೆ ಕೂರುತ್ತಿದ್ದರು. ತಾತ ಹಸಿ ಕಡಲೆಕಾಯಿ ಸುಟ್ಟುಕೊಡುತ್ತಿದ್ದ. ಒಬ್ಬರ ಮಾತು ಒಬ್ಬರಿಗೆ ತಿಳಿಯದಿದ್ದರೂ ಇಬ್ಬರೂ ಗಂಟೆಗಟ್ಟಲೆ ಏನೋ ಮಾತಾಡುತ್ತಿದ್ದರು. ಮೇಲೆ ಹೋದಾಗ ಕ್ಯಾಪ್ಟನ್ ತಾತನ ಕಡೆಗೆ ರೆಕ್ಕೆ ಸ್ವಲ್ಪ ಬಗ್ಗಿಸುತ್ತಿದ್ದರು. ತಾತ ಕೆಳಗಿನಿಂದ ಕೈಮುಗಿಯುತ್ತಿದ್ದ. ಯಾಕೆ ತಾತ ಕೈಮುಗೀತೀಯ ಎಂದರೆ, ‘ಮ್ಯಾಲೆ ಹೋಗೋ ಮನುಷ್ಯ, ಸುಮ್ನಿರಾಕೆ ಆಗ್ತೈತಾ?’ ಎನ್ನುತ್ತಿದ್ದ.

ಒಂದು ದಿನ ಸಂಜೆ ಆ ಮುದಿ ಎತ್ತು ಸತ್ತಿತು. ಸತ್ತದ್ದು ಪಟ್ಟಿಯ ತುದಿಯ ಬೇಲಿಗೆ ಸರಿಯಾಗಿ ಎದುರು, ಆಚೆ ಮಗ್ಗುಲಲ್ಲಿ. ದೇವರ ಎತ್ತು ಸತ್ತರೆ ಹಗ್ಗ ಕಟ್ಟಿ ಎಳೆಯುವಂತಿಲ್ಲ. ಗುಡಿಗೆ ಸೇರಿದ ಹಿರಿಯರು ಬಂದು, ಹೊಸ ಬಟ್ಟೆ ಹೊದಿಸಿ, ಮನುಷ್ಯರಿಗೆ ಮಾಡುವ ಹಾಗೆ ಪೂಜೆ ಮಾಡಿ ಮಣ್ಣು ಕೊಡಬೇಕು. ಅವರು ಬರುವತನಕ ನಾಯಿ ಮೂಸಬಾರದು, ಹದ್ದು ಕೊಕ್ಕು ಹಾಕಬಾರದು. ಕಾಯುವುದು ಕಿಲಾರಿಯ ಹೊಣೆ. ತಾತ ತನ್ನ ಕಂಬಳಿಯನ್ನು ಎತ್ತಿನ ಮುಖಕ್ಕೂ ಹೊಟ್ಟೆಗೂ ಹೊದಿಸಿ, ಕವಣೆ ಹಿಡಿದು ಪಕ್ಕದಲ್ಲೇ ಕೂತಿದ್ದ. ಮಿಕ್ಕ ಎತ್ತುಗಳನ್ನು ಬೇರೊಬ್ಬ ಕಿಲಾರಿ ದೂರ ಹೊಡೆದುಕೊಂಡು ಹೋಗಿದ್ದ.

ಮಾರನೆಯ ಬೆಳಿಗ್ಗೆ ಕ್ಯಾಮೆರಾ ಇರಲಿಲ್ಲ, ರಿಪೇರಿಗೆ ಹೋಗಿತ್ತು. ಎಂಜಿನ್ ಸದ್ದು ನೋಡಲು ಒಂದು ಸುತ್ತು ಹಾಕಿ ಬರುತ್ತೇನೆಂದು ಕ್ಯಾಪ್ಟನ್ ಒಬ್ಬರೇ ಹತ್ತಿದರು. ನಾನು ಎಂದಿನಂತೆ ಪಟ್ಟಿಯ ತುದಿಗೆ ಹೋದೆ. ಅಷ್ಟು ಹದ್ದುಗಳನ್ನು ಒಟ್ಟಿಗೆ ನಾನು ಯಾವತ್ತೂ ನೋಡಿರಲಿಲ್ಲ. ಬೇಲಿ ಕಂಬಗಳ ಮೇಲೆ, ಹುಲ್ಲಿನಲ್ಲಿ, ಜಾಲಿ ಗಿಡದಲ್ಲಿ, ಎಲ್ಲೆಲ್ಲೂ. ಆದರೆ ಒಂದೂ ಹಾರುತ್ತಿರಲಿಲ್ಲ, ಎಲ್ಲವೂ ಕಾಯುತ್ತಾ ಕೂತಿದ್ದವು. ನಾನು ಇಳಿದು ಸತ್ತ ದೇವರಿಗೆ ಕೈಮುಗಿದೆ.

‘ಯಾವಾಗ ಮಣ್ಣು ತಾತಾ?’

‘ನಮ್ಮೋರು ಮಧ್ಯಾಹ್ನಕ್ಕೆ ಬರ್ತಾರೆ ನಾಯ್ನಾ. ಅಲ್ಲೀಗಂಟ ಯಾರೂ ಮುಟ್ಟಂಗಿಲ್ಲ. ನಿಮ್ ಆಫೀಸಿನೋರಿಗೆ ಹೇಳ್ಬ್ಯಾಡ, ಜೆಸಿಬಿ ತಂದು ಎಳೆದಾಕ್ತಾರೆ.’

ಹೇಳುವುದಿಲ್ಲ ಎಂದೆ. ನಿಜಕ್ಕೂ ಜೆಸಿಬಿ ತರುತ್ತಿದ್ದರು. ನಾನೂ ಇದೇ ಸೀಮೆಯವನು, ನಮ್ಮ ಅವ್ವ ದೇವರ ಎತ್ತಿಗೆ ಅಡ್ಡಬಿದ್ದು ಹಣೆಗೆ ಮಣ್ಣು ಹಚ್ಚಿಕೊಳ್ಳುವುದನ್ನು ನೋಡುತ್ತಾ ಬೆಳೆದವನು. ಮಧ್ಯಾಹ್ನಕ್ಕೆ ಎಲ್ಲಾ ಮುಗಿಯುತ್ತದಲ್ಲ, ಒಂದೇ ಸುತ್ತು ತಾನೇ ಎಂದುಕೊಂಡೆ. ಮತ್ತೆ ಜೀಪು ಹತ್ತಿದೆ. ಹಾರನ್ ಮೇಲೆ ಕೈ ಇಟ್ಟೆ. ಹೆಣ ಮಲಗಿರುವ ಮನೆಯ ಮುಂದೆ ಯಾರಾದರೂ ಹಾರನ್ ಹೊಡೆಯುತ್ತಾರಾ? ಅದೂ ದೇವರ ಹೆಣ. ನನಗೆ ಕೈ ಬರಲಿಲ್ಲ. ಹಾರನ್ ಹೊಡೆಯದೆ ಜೀಪು ತಿರುಗಿಸಿದೆ. ವಿಮಾನ ಹೊರಡುತ್ತದೆ ಎಂದು ಬಾಯಲ್ಲಾದರೂ ಹೇಳಿ ಬರಬೇಕಿತ್ತು. ಅದೂ ಹೊಳೆಯಲಿಲ್ಲ. ಜೀಪು ನೋಡಿದರೆ ಗೊತ್ತಾಗುತ್ತದೆ ಎಂದುಕೊಂಡೆನೋ ಏನೋ... ತಾತನೋ, ನಾನು ಕೈಮುಗಿಯಲು ಬಂದು ಹೋದೆ ಎಂದುಕೊಂಡಿದ್ದ. ಶೆಡ್ಡಿನ ಕಡೆ ಎಂಜಿನ್ ಸದ್ದು ಆಗಾಗ ಇದ್ದದ್ದೇ, ಹಾರನ್ ಆಗದೆ ವಿಮಾನ ಏಳುವುದಿಲ್ಲ ಎಂಬುದು ಅವನ ಲೆಕ್ಕ. ವಾಪಸ್ ಬಂದು ಹಸಿರು ಬಾವುಟ ತೋರಿಸಿದೆ. ಕ್ಯಾಪ್ಟನ್ ಕೈ ಬೀಸಿದರು.

ಆಮೇಲಿನದೆಲ್ಲ ನಾನು ಉಗುಳು ನುಂಗುವಷ್ಟರಲ್ಲಿ ಆಗಿಹೋಯಿತು. ವಿಮಾನ ನೆಲ ಬಿಟ್ಟು ಬೇಲಿಯ ಕಡೆಗೆ ಏರುತ್ತಿತ್ತು. ಅದೇ ಹೊತ್ತಿಗೆ ಹದ್ದೊಂದು ಧೈರ್ಯ ಮಾಡಿ ಎತ್ತಿನ ಮೇಲೆ ಇಳಿದಿದೆ. ತಾತ ಎದ್ದು ಕವಣೆ ಬೀಸಿದ್ದಾನೆ. ಕುಳಿತಿದ್ದ ಹದ್ದುಗಳೆಲ್ಲ ಒಮ್ಮೆಗೇ ಮೇಲೆದ್ದವು. ಕಪ್ಪಗೆ ಗುಂಪು ಎದ್ದದ್ದನ್ನು ನಾನು ಶೆಡ್ಡಿನ ಮುಂದಿನಿಂದ ಕಂಡೆ. ವಿಮಾನ ಥಟ್ಟನೆ ಎಡಕ್ಕೆ ವಾಲಿತು, ಒಂದು ರೆಕ್ಕೆ ಕೆಳಗಾಯಿತು, ಹಾಗೇ ನೆಲಕ್ಕೆ ಬಿತ್ತು. ಸದ್ದು ಕೂಡ ಜೋರಾಗಿರಲಿಲ್ಲ. ಹೊಗೆ ಮಾತ್ರ ತಡೆಯಿಲ್ಲದೆ ಏಳುತ್ತಿತ್ತು. ಶೆಡ್ಡಿನೊಳಗಿದ್ದ ಮೆಕ್ಯಾನಿಕ್ಕು, ಆಫೀಸಿನವರು ಹೊರಗೆ ಓಡಿ ಬಂದಾಗ ಅವರಿಗೆ ಕಂಡದ್ದು ಹೊಗೆಯೊಂದೇ.

ನಾನು ಜೀಪಿನಲ್ಲಿ ತಲುಪುವ ಮೊದಲೇ ತಾತ ಅಲ್ಲಿದ್ದ. ಎತ್ತಿನ ಮೇಲಿನ ಕಂಬಳಿಯನ್ನು ಕಿತ್ತುಕೊಂಡು ಓಡಿಬಂದು ಬೆಂಕಿಯನ್ನು ಬಡಿಯುತ್ತಿದ್ದ. ‘ತಾತ ಇದೀನಪ್ಪೋ, ತಾತ ಇದೀನಿ’ ಎಂದು ಕೂಗುತ್ತಾ ಬರಿಗೈಯಲ್ಲಿ ಕ್ಯಾಪ್ಟನ್ ಕೂತಿದ್ದ ಕಡೆಯ ತಗಡು ಎಳೆಯುತ್ತಿದ್ದ. ನಾನೂ ಮೆಕ್ಯಾನಿಕ್ಕೂ ಸೇರಿ ಅವನನ್ನು ಹಿಂದಕ್ಕೆ ಎಳೆದುಕೊಂಡೆವು. ಒಳಗಿನಿಂದ ಯಾವ ಸದ್ದೂ ಬರಲಿಲ್ಲ. ಬರದಿದ್ದುದೇ ಒಳ್ಳೆಯದು ಎಂದು ಈಗಲೂ ಅಂದುಕೊಳ್ಳುತ್ತೇನೆ. ತಾತನ ಎರಡೂ ಅಂಗೈ ಸುಟ್ಟು ಚರ್ಮ ಸುಲಿದಿತ್ತು. ಮಧ್ಯಾಹ್ನ ಹಟ್ಟಿಯ ಹಿರಿಯರು ಆಟೋದಲ್ಲಿ ಬಂದಾಗ ಹದ್ದುಗಳು ಎತ್ತಿನ ಕಣ್ಣು, ಹೊಟ್ಟೆ ತಿಂದಾಗಿತ್ತು. ತಾತ ಮನುಷ್ಯನ ಕಡೆ ಓಡಿಬಂದಿದ್ದನಲ್ಲ, ದೇವರನ್ನು ಕಾಯಲು ಯಾರೂ ಉಳಿದಿರಲಿಲ್ಲ.

ವಿಚಾರಣೆಗೆ ಇಬ್ಬರು ಅಧಿಕಾರಿಗಳು ಬಂದು ಚಳ್ಳಕೆರೆಯಲ್ಲಿ ಒಂದು ಕೋಣೆ ಹಿಡಿದು ಕೂತರು. ಅವರಿಗೆ ಕನ್ನಡ ಬಾರದು. ನಾನು ಮೊದಲು ಕಡಲೆಕಾಯಿ ಲಾರಿ ಹತ್ತಿ ನಾಗಪುರದವರೆಗೆ ತಿರುಗಿದವನು, ಹಿಂದಿ ಬರುತ್ತಿತ್ತು. ತಾತನ ಮಾತನ್ನು ಹಿಂದಿಗೆ ಹೇಳುವ ಕೆಲಸ ನನಗೇ ಬಂತು. ಅದಕ್ಕೂ ಮೊದಲು ನನ್ನನ್ನೇ ಕೇಳಿದರು, ಪಟ್ಟಿ ಪೂರ್ತಿ ನೋಡಿದೆಯಾ ಎಂದು. ನೋಡಿದೆ ಸಾರ್ ಎಂದೆ. ಖಾಲಿ ಇತ್ತಾ ಎಂದರು. ಪಟ್ಟಿ ಖಾಲಿ ಇತ್ತು ಎಂದೆ. ಪಟ್ಟಿ ಖಾಲಿಯೇ ಇತ್ತಲ್ಲ! ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನಾನು ಅದನ್ನೂ ಮಾಡದಷ್ಟು ಗಟ್ಟಿಯಾಗಿ ಕೂತಿದ್ದೆ.

ತಾತ ಕೈಗೆ ಬಟ್ಟೆ ಸುತ್ತಿಕೊಂಡು ಬಂದ. ಕುರ್ಚಿಯಲ್ಲಿ ಕೂರಲಿಲ್ಲ.

‘ಹದ್ದು ಎಬ್ಬಿಸ್ದೋನು ನಾನೇ ಸಾಮಿ. ಕಲ್ಲು ಬೀಸಿದ್ದು ಈ ಕೈಯೇ. ಆ ಹುಡ್ಗ ಹದ್ದು ತಪ್ಸಾಕೆ ಹೋಗಿ ಬಿದ್ದ. ಅವನದು ಏನೂ ತಪ್ಪಿಲ್ಲ. ನನ್ನನ್ನ ಕರ್ಕೊಂಡು ಹೋಗ್ರಿ.’

ಹಾರನ್ ಆಗಲಿಲ್ಲ ಎನ್ನುವುದೊಂದನ್ನು ಮಾತ್ರ ಅವನು ಹೇಳಲಿಲ್ಲ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಹಾರನ್ ಆಗಿದ್ದರೆ ಕವಣೆಗೆ ಕೈ ಹಾಕುತ್ತಿರಲಿಲ್ಲ ಎಂದು ಅವನಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು.

ನಾನು ಹಿಂದಿಯಲ್ಲಿ ಹೇಳಿದೆ: ಈತ ಬೇಲಿಯಾಚೆ ದನ ಕಾಯುತ್ತಿದ್ದ, ವಿಮಾನ ಎದ್ದಿತು, ಎಡಕ್ಕೆ ವಾಲಿತು, ಬಿತ್ತು, ಓಡಿ ಹೋಗಿ ಬೆಂಕಿ ಆರಿಸಲು ನೋಡಿದ, ಕೈ ಸುಟ್ಟುಕೊಂಡ. ಇದರಲ್ಲಿ ಸುಳ್ಳು ಎಲ್ಲಿದೆ, ಹುಡುಕಿ ನೋಡಿ. ಒಬ್ಬ ಅಧಿಕಾರಿ ತಲೆಯೆತ್ತಿ, ಅಲ್ಲಿ ಹಕ್ಕಿಗಳು ಇದ್ದವಾ ಎಂದು ಕೇಳು ಎಂದರು. ನಾನು ತಾತನ ಕಡೆ ತಿರುಗಿ ಕೇಳಿದೆ, ‘ಇನ್ನೇನಾರ ಹೇಳೋದು ಐತಾ ತಾತಾ?’

‘ಎಲ್ಲಾ ಹೇಳಿದ್ನಲ್ಲ ನಾಯ್ನಾ.’

‘ಇಲ್ಲವಂತೆ ಸಾರ್’ ಎಂದೆ.

ಹೆಬ್ಬೆಟ್ಟು ಒತ್ತಿಸಲು ತಾತನ ಬೆರಳಲ್ಲಿ ಚರ್ಮ ಇರಲಿಲ್ಲ. ಅವನ ಪರವಾಗಿ ನನ್ನ ಸಹಿ ಹಾಕಿಸಿಕೊಂಡರು.

ಮುದುಕನನ್ನು ಉಳಿಸಲು, ದೇವರ ಎತ್ತುಗಳಿಗೆ ಕಾವಲಿನ ಹುಲ್ಲು ತಪ್ಪದಿರಲಿ ಎಂದು ಹೀಗೆ ಮಾಡಿದೆ ಎಂದು ನನ್ನ ಹೆಂಡತಿಗೆ ಎಷ್ಟೋ ಸಲ ಹೇಳಿದ್ದೇನೆ. ಅರ್ಧ ನಿಜ. ಉಳಿದರ್ಧ ನನ್ನ ಹೊಟ್ಟೆಪಾಡು. ಹಕ್ಕಿಯ ಮಾತು ಬಂದರೆ ಹಾರನ್ನಿನ ಮಾತು ಬರುತ್ತದೆ, ಹಾರನ್ನಿನ ಮಾತು ಬಂದರೆ ಜೈಲು. ಅವತ್ತು ಆ ಕೋಣೆಯಲ್ಲಿ ನನ್ನ ತಲೆಯಲ್ಲಿದ್ದದ್ದು ಇದು.

ತಾತನಿಗೆ ಇದೊಂದೂ ತಿಳಿಯದು. ಎಲ್ಲಾ ಒಪ್ಪಿಕೊಂಡಿದ್ದೇನೆ, ಪೊಲೀಸರು ಬಂದೇ ಬರುತ್ತಾರೆ ಎಂದು ಕಾಯುತ್ತಿದ್ದ. ಒಂದು ಟವೆಲಿನಲ್ಲಿ ಪಂಚೆ, ಸಜ್ಜೆ ರೊಟ್ಟಿ ಕಟ್ಟಿಟ್ಟುಕೊಂಡಿರುತ್ತಿದ್ದ. ರೊಟ್ಟಿ ಒಣಗಿದರೆ ಅದನ್ನು ತಿಂದು ಬೇರೆ ಕಟ್ಟಿಕೊಳ್ಳುತ್ತಿದ್ದ. ‘ಯಾವಾಗ್ ಬರ್ತಾರಂತೆ ನಾಯ್ನಾ?’ ಎಂದು ನನ್ನನ್ನೇ ಕೇಳುತ್ತಿದ್ದ. ಇಷ್ಟು ತಿಂಗಳಾದರೂ ಬರಲಿಲ್ಲವಲ್ಲ, ಸರ್ಕಾರದೋರು ದೊಡ್ಡ ಮನಸ್ಸು ಮಾಡಿರಬೇಕು ಎಂದೂ ಒಂದು ಸಲ ಹೇಳಿದ. ನಾನು ಹೂಂ ಎಂದೆ. ಅಷ್ಟರಲ್ಲಿ ವರದಿ ಬಂದಿತ್ತು. ಕಾರಣವಿಲ್ಲದೆ ಕೆಳಮಟ್ಟದಲ್ಲೇ ತಟ್ಟನೆ ತಿರುಗಿಸಿದ್ದು, ಪೈಲಟ್‌ನ ತಪ್ಪು. ಕಂಪನಿ ಶೆಡ್ಡು ಬಿಚ್ಚಿಕೊಂಡು ಹೋಯಿತು, ನನ್ನ ಕೆಲಸವೂ ಹೋಯಿತು. ಯಾವ ಕೆಲಸ ಉಳಿಸಿಕೊಳ್ಳಲು ಬಾಯಿ ಮುಚ್ಚಿದ್ದೆನೋ ಅದೇ ಹೋಯಿತು.

ಆಮೇಲೆ ಕ್ಯಾಪ್ಟನ್‌ರ ತಂದೆ ಬಂದರು. ಮಗ ಬಿದ್ದ ಜಾಗ ನೋಡಬೇಕೆಂದು ಚಳ್ಳಕೆರೆಯಲ್ಲಿ ವಿಚಾರಿಸಿ ನನ್ನ ಮನೆಗೇ ಬಂದರು. ನಿವೃತ್ತ ಶಾಲಾ ಮೇಷ್ಟ್ರು. ಕರೆದುಕೊಂಡು ಹೋದೆ. ಸುಟ್ಟು ಕರಕಲಾಗಿದ್ದ ನೆಲದ ಮೇಲೆ ಆಗಲೇ ಹುಲ್ಲು ಬಂದಿತ್ತು. ತಾತ ದೂರದಿಂದ ನೋಡಿ ಓಡಿಬಂದ. ಆ ತಂದೆ ಹಿಂದಿಯಲ್ಲಿ ಒಂದೇ ಮಾತು ಕೇಳಿದರು: ‘ಸೈಕಲ್ ಹೊಡೆಯುವಾಗಲೂ ಹಿಂದೆ ಮುಂದೆ ನೋಡಿ ತಿರುಗಿಸುತ್ತಿದ್ದ ಹುಡುಗ. ಅವತ್ತು ಯಾಕೆ ತಿರುಗಿಸಿದ?’

‘ಏನಂತಾರೆ?’ ಎಂದ ತಾತ. ಹೇಳಲೇಬೇಕಾಯಿತು. ತಾತ ನನ್ನ ಮುಖವನ್ನೇ ನೋಡಿದ.

‘ಅದನ್ನ ಅವತ್ತೇ ಹೇಳಿದ್ನಲ್ಲಪ್ಪಾ... ನೀನು ಹೇಳ್ಲಿಲ್ವಾ?’

ನಾನು ನೆಲ ನೋಡಿದೆ. ತಾತ ಆ ತಂದೆಯ ಮುಂದೆ ನಿಂತು, ಬೆರಳು ಮುರುಟಿಕೊಂಡ ಕೈಯನ್ನು ತಲೆಯ ಮೇಲೆ ಗಿರಗಿರನೆ ತಿರುಗಿಸಿ ಕವಣೆ ಬೀಸಿ ತೋರಿಸಿದ. ಎರಡೂ ತೋಳು ಬಡಿದು ಹದ್ದುಗಳು ಎದ್ದದ್ದನ್ನು ತೋರಿಸಿದ. ಒಂದು ಕೈ ಚಾಚಿ ವಿಮಾನ ಮಾಡಿ, ಎಡಕ್ಕೆ ವಾಲಿಸಿ, ನೆಲಕ್ಕೆ ಕುಸಿದು ಕೂತ. ಆಮೇಲೆ ತನ್ನ ಎದೆ ಮುಟ್ಟಿಕೊಂಡು ಅವರ ಕಾಲಿಗೆ ಬಿದ್ದ. ಅದನ್ನು ಹಿಂದಿಗೆ ಹೇಳಲು ಯಾರೂ ಬೇಕಾಗಿರಲಿಲ್ಲ. ಆ ಮನುಷ್ಯ ಬಗ್ಗಿ ತಾತನನ್ನು ಎಬ್ಬಿಸಿ ಆ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ‘ಇದನ್ನು ಬರೆದು, ಹೆಸರು ಹಾಕಿ, ಸಹಿ ಮಾಡಿ ಕೊಡುತ್ತೀಯಾ? ನನಗೆ ಯಾರ ಮೇಲೂ ಕೇಸು ಬೇಡ. ಅವನ ತಪ್ಪಲ್ಲ ಎಂದು ನಾನು ಬಾಯಲ್ಲಿ ಹೇಳಿದರೆ ಅವನ ತಾಯಿ ನಂಬುವುದಿಲ್ಲ, ಓದಿ ಹೇಳಬೇಕು’ ಎಂದರು. ವಿಳಾಸ ಬರೆದು ನನ್ನ ಜೇಬಿಗೆ ಇಟ್ಟರು. ನಾಳೆಯೇ ಕಳಿಸುತ್ತೇನೆ ಎಂದೆ.

ಅದೇ ವಾರ ತಾತ ಕಿಲಾರಿತನ ಬಿಟ್ಟ. ಮನುಷ್ಯನನ್ನು ಕೊಂದ ಕೈ, ದೇವರ ಹೆಣವನ್ನು ಹದ್ದಿಗೆ ಬಿಟ್ಟ ಕೈ, ಇನ್ನು ದೇವರ ಮೈ ಮುಟ್ಟಬಾರದು ಎಂದನಂತೆ. ಹಿರಿಯರು ಬೇಡವೆಂದರೂ ಕೇಳಲಿಲ್ಲ. ಕವಣೆಯನ್ನು ಗುಡಿಯ ಮುಂದೆ ಇಟ್ಟು ಮೊಳಕಾಲ್ಮೂರಿನಲ್ಲಿದ್ದ ಮಗಳ ಮನೆಗೆ ಹೋದ.

ವರ್ಷದ ಮೇಲೆ ನಾನು ನೋಡಲು ಹೋದೆ. ಮಗಳು ಅಳಿಯ ರೇಷ್ಮೆ ಸೀರೆ ನೇಯುವವರು. ಬೀದಿಯುದ್ದಕ್ಕೂ ಮಗ್ಗದ ಸದ್ದು. ಅಷ್ಟು ದೊಡ್ಡ ಕಾವಲಿನಲ್ಲಿ ತಿರುಗಿದ ಮನುಷ್ಯ ಒಂದು ಸಣ್ಣ ಕೋಣೆಯ ಮೂಲೆಯಲ್ಲಿ ಕೂತು, ಮಗ್ಗಕ್ಕೆ ಬೇಕಾದ ನೂಲನ್ನು ರಾಟೆಯಲ್ಲಿ ಕಂಡಿಕೆಯ ಸಣ್ಣ ಕೊಳವೆಗೆ ಸುತ್ತಿಕೊಡುತ್ತಿದ್ದ. ಸುಟ್ಟ ಬೆರಳಿಗೆ ನೂಲು ಸಿಕ್ಕುತ್ತಿರಲಿಲ್ಲ, ಸಿಕ್ಕಿದರೆ ಹರಿಯುತ್ತಿತ್ತು. ಮಗಳು ಬಯ್ಯದೆ ಮತ್ತೆ ಗಂಟು ಹಾಕಿಕೊಡುತ್ತಿದ್ದಳು. ಅವನ ಮೈಯಲ್ಲಿ ಹಿಂಡಿಯ ವಾಸನೆ ಇರಲಿಲ್ಲ. ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಮಗಳಿಗೆ ಕೇಳದ ಹಾಗೆ ಕೇಳಿದ.

‘ಆ ಯಜಮಾನ್ರಿಗೆ ಬರ್ದು ಕೊಟ್ಯಾ ನಾಯ್ನಾ?’

‘ಕೊಟ್ಟೆ ತಾತಾ.’

‘ಎಲ್ಲಾ ಬರದ್ಯಾ? ನಾನೇ ಎಬ್ಬಿಸಿದ್ದು ಅಂತ?’

‘ಎಲ್ಲಾ ಬರೆದೆ.’

‘ಹಾರನ್ ಮಾತು ಬರ್ದಿಲ್ಲ ತಾನೆ? ಅದು ಬ್ಯಾಡ. ಮಕ್ಳೊಂದಿಗ ನೀನು.’

ಬರೆದಿಲ್ಲ ಎಂದೆ. ನಾನು ಅವತ್ತು ಆಡಿದ ನಿಜ ಅದೊಂದೇ. ತಾತ ಗೋಡೆಗೆ ಒರಗಿ ಉಸಿರು ಬಿಟ್ಟ. ‘ಹಂಗಾರೆ ಆ ತಾಯಿಗೆ ಗೊತ್ತಾತು ಬಿಡು’ ಎಂದ. ಮಗಳನ್ನು ಕೂಗಿ ನನಗೆ ಊಟಕ್ಕೆ ಇಡಲು ಹೇಳಿದ. ಬಹಳ ದಿನದ ಮೇಲೆ ಅಪ್ಪ ನಗುತ್ತಾ ಉಂಡ ಎಂದು ಹೊರಡುವಾಗ ಅವಳು ಬಾಗಿಲಲ್ಲಿ ಹೇಳಿದಳು. ಮೂರು ತಿಂಗಳಿಗೆ ತಾತ ತೀರಿಕೊಂಡ. ಮಣ್ಣಿಗೆ ಹೋಗಿದ್ದೆ. ಸಾಯುವ ಮುಂಚೆ ನನ್ನನ್ನು ನೆನೆಸಿಕೊಂಡು, ‘ಒಳ್ಳೇ ಹುಡ್ಗ, ಮಾತು ಉಳಿಸ್ಕೊಂಡ’ ಎಂದನಂತೆ. ಆ ಮಾತನ್ನು ಮಗಳು ಎಲ್ಲರೆದುರು ಹೇಳಿದಳು. ನೆಲ ಬಾಯಿಬಿಡಬಾರದೇ ಎನ್ನಿಸಿತು.

ಇದೆಲ್ಲ ಆಗಿ ವರ್ಷಗಳಾದವು. ಮೊನ್ನೆ ನೆನೆದ ಮೂಟೆಗಳನ್ನು ಇಳಿಸಿ ಮನೆಗೆ ಬಂದವನು ಊಟ ಮಾಡಲಿಲ್ಲ. ಮಗಳ ನೋಟುಬುಕ್ಕಿನಿಂದ ಹಾಳೆ ಹರಿದುಕೊಂಡು ಕೂತೆ. ತಾತ ಇಲ್ಲ, ಕ್ಯಾಪ್ಟನ್ ಇಲ್ಲ. ಆ ತಾಯಿ ಇದ್ದಾರೋ ಇಲ್ಲವೋ, ಇದ್ದರೆ ಮಗ ತನ್ನ ತಪ್ಪಿನಿಂದ ಸತ್ತನೆಂದೇ ಇನ್ನೂ ಅಳುತ್ತಿದ್ದಾರೋ... ವಿಳಾಸದ ಚೀಟಿ ಬೀರುವಿನಲ್ಲಿದೆ, ಎಲ್ಲಿದೆ ಎಂದು ನನಗೆ ಚೆನ್ನಾಗಿ ಗೊತ್ತು. ಈ ಸಲ ಬಿಡದೆ ಬರೆಯಲೇಬೇಕೆಂದು ಮೂರು ದಿನ ಕೂತು ಇಷ್ಟು ಬರೆದೆ. ಹಾರನ್ನಿನ ಮಾತನ್ನೂ ಬಿಡಲಿಲ್ಲ. ಈಗ ಓದಿ ನೋಡುತ್ತೇನೆ. ಇದರಲ್ಲಿ ತಾತನ ಹೆಸರಿಲ್ಲ, ಕ್ಯಾಪ್ಟನ್ ಹೆಸರಿಲ್ಲ, ನನ್ನ ಹೆಸರಿಲ್ಲ, ಕೆಳಗೆ ಸಹಿಯೂ ಇಲ್ಲ. ಆ ತಂದೆ ಕೇಳಿದ್ದು ಇಂಥ ಕಾಗದವನ್ನಲ್ಲ.